ಹೊಟ್ಟೆ, ಮಜ್ಜಿಗೆ ಮತ್ತು ಮನಸ್ಸು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಶಿವಮೊಗ್ಗದಲ್ಲಿ ಆಹಾರ ಸಲಹೆ ಕೊಡುವ ಕೆಲಸ ಮಾಡುತ್ತೇನೆ. ತವರು ತೀರ್ಥಹಳ್ಳಿ ಕಡೆಯ ಒಂದು ಹಳ್ಳಿ. ಸ್ತ್ರೀಶಕ್ತಿ ಸಂಘದ ಸಭೆ ಇರಲಿ, ಮದುವೆ ಮನೆಯ ಪಂಕ್ತಿ ಇರಲಿ, ನಾನು ಸಿಕ್ಕ ಕೂಡಲೇ ಈಗ ಎಲ್ಲರೂ ಕೇಳುವುದು ಪ್ರೋಬಯಾಟಿಕ್ ಬಗ್ಗೆ, ಅಂದರೆ ಆರೋಗ್ಯಕ್ಕೆ ಒಳ್ಳೆಯದು ಅಂತ ಹೊಟ್ಟೆಗೆ ತಗೊಳ್ಳುವ ಬದುಕಿರುವ ಸೂಕ್ಷ್ಮಜೀವಿಗಳ ಬಗ್ಗೆ. ಅದರಲ್ಲೂ "ಹೊಟ್ಟೆ ಸರಿ ಮಾಡ್ಕೊಂಡ್ರೆ ಮನಸ್ಸೂ ಸರಿಹೋಗುತ್ತಂತಲ್ಲ, ನಿಜಾನಾ?" ಅಂತ. ಇದರಲ್ಲಿ ಅರ್ಧ ನಿಜ ಇದೆ. ಆ ಅರ್ಧ ಯಾವುದು ಅಂತ ಬಿಡಿಸಿ ಹೇಳದಿದ್ದರೆ ಜನಕ್ಕೆ ತೊಂದರೆ ಆಗುತ್ತದೆ. ನಮ್ಮ ಮನೆಯಲ್ಲೇ ಆಗಿದೆ. ಅದಕ್ಕೇ ಇಷ್ಟುದ್ದ ಬರೆದಿದ್ದೇನೆ.

ಹೊಟ್ಟೆಗೂ ಮಿದುಳಿಗೂ ನಿಜವಾಗಿ ಸಂಬಂಧ ಇದೆಯಾ, ಸುಮ್ನೆ ಹೇಳ್ತಾರಾ?

ಇದೆ. ನಮ್ಮ ಮಾತಿನಲ್ಲೇ ಇದೆಯಲ್ಲ. ಮಗು ಅತ್ತರೆ ಕರುಳು ಚುರ್ ಅನ್ನುತ್ತದೆ. ಪಕ್ಕದವರ ಏಳಿಗೆ ಕಂಡರೆ ಹೊಟ್ಟೆ ಉರಿಯುತ್ತದೆ. ಯಾರದೋ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತೇವೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನ ಬೆಳಗ್ಗೆ ಹೊಟ್ಟೆ ತೊಳಸದ ಮಕ್ಕಳು ಎಷ್ಟು ಜನ ಇದ್ದಾರು?

ಇದಕ್ಕೆ ದೇಹದೊಳಗೆ ತಂತಿಯೂ ಇದೆ. ಅನ್ನನಾಳದಿಂದ ಗುದದವರೆಗೆ ಜೀರ್ಣನಾಳದ ಗೋಡೆಯಲ್ಲಿ 10 ಕೋಟಿಗೂ ಜಾಸ್ತಿ ನರಕೋಶಗಳಿವೆ. ಮಿದುಳು ಹೇಳದಿದ್ದರೂ ಕರುಳು ತಿಂದದ್ದನ್ನು ಮುಂದೆ ತಳ್ಳುತ್ತಾ ಹೋಗುವುದು ಇವುಗಳ ದೆಸೆಯಿಂದ. ಇವನ್ನು ಮಿದುಳಿಗೆ ಜೋಡಿಸುವ ದೊಡ್ಡ ನರದ ಹೆಸರು ವೇಗಸ್. ಅದರ ನೂರು ಎಳೆಗಳಲ್ಲಿ ಸುಮಾರು 80 ಎಳೆಗಳು ಸುದ್ದಿ ಒಯ್ಯುವುದು ಕೆಳಗಿನಿಂದ ಮೇಲಕ್ಕೆ. ಮಿದುಳು ಅಪ್ಪಣೆ ಕೊಡುವುದಕ್ಕಿಂತ ಒಳಗಿನ ಅಂಗಗಳ ಮಾತು ಕೇಳಿಸಿಕೊಳ್ಳುವುದೇ ಜಾಸ್ತಿ.

ಇದನ್ನು ಕಣ್ಣಾರೆ ಕಂಡವರೂ ಇದ್ದಾರೆ. 1822ರಲ್ಲಿ ಅಮೆರಿಕದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಗುಂಡು ತಗುಲಿ ಹೊಟ್ಟೆಯಲ್ಲಿ ತೂತು ಬಿತ್ತು. ಜೀವ ಉಳಿಯಿತು, ತೂತು ಮುಚ್ಚಲಿಲ್ಲ. ವಿಲಿಯಂ ಬೋಮಂಟ್ ಎಂಬ ವೈದ್ಯರು ಆ ತೂತಿನಿಂದಲೇ ವರ್ಷಗಟ್ಟಲೆ ಜೀರ್ಣಕ್ರಿಯೆ ಗಮನಿಸಿದರು. ಆತನಿಗೆ ಸಿಟ್ಟು ಬಂದಾಗ ಜೀರ್ಣ ಕೆಡುತ್ತದೆ ಎಂದು ಬರೆದಿಟ್ಟರು. ಊಟದ ಎಲೆ ಮುಂದೆ ಜಗಳ ಆಡಬಾರದು ಅಂತ ನಮ್ಮಜ್ಜಿ ಹೇಳುತ್ತಿದ್ದದ್ದೂ ಇದನ್ನೇ.

ಹೊಟ್ಟೆಯೊಳಗೆ ಎಷ್ಟು ಬ್ಯಾಕ್ಟೀರಿಯಾ ಇರುತ್ತೆ?

2016ರಲ್ಲಿ ಇಸ್ರೇಲ್ ಮತ್ತು ಕೆನಡಾದ ವಿಜ್ಞಾನಿಗಳು ಲೆಕ್ಕ ಹಾಕಿದ ಪ್ರಕಾರ 70 ಕಿಲೋ ತೂಕದ ಗಂಡಸಿನ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ. ನಮ್ಮದೇ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. ಹೆಚ್ಚುಕಡಿಮೆ ಒಂದಕ್ಕೊಂದು. ಎಲ್ಲ ಸೇರಿಸಿ ತೂಗಿದರೆ ಬರೀ 200 ಗ್ರಾಂ. ಬಹುಪಾಲು ಇರುವುದು ದೊಡ್ಡ ಕರುಳಿನಲ್ಲಿ. ಒಂದಕ್ಕೆ ಹತ್ತು ಎನ್ನುವ ಹಳೆಯ ಲೆಕ್ಕ ಇನ್ನೂ ಅಲ್ಲಲ್ಲಿ ಕೇಳಿಬರುತ್ತದೆ, ಅದು ತಪ್ಪು.

ಪ್ರೋಬಯಾಟಿಕ್ ಅಂದ್ರೆ ಸರಿಯಾಗಿ ಏನು?

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಕೃಷಿ ಸಂಸ್ಥೆಯ ತಜ್ಞರು 2001ರಲ್ಲಿ ಕೂತು ಒಂದು ಅರ್ಥ ಗೊತ್ತುಮಾಡಿದರು. ಸೂಕ್ಷ್ಮಜೀವಿ ಬದುಕಿರಬೇಕು. ಸಾಕಷ್ಟು ಪ್ರಮಾಣದಲ್ಲಿ ಹೊಟ್ಟೆಗೆ ಹೋಗಬೇಕು. ಹೋದ ಮೇಲೆ ಆರೋಗ್ಯಕ್ಕೆ ಒಳ್ಳೆಯದಾಗಬೇಕು. ಮೂರರಲ್ಲಿ ಒಂದು ತಪ್ಪಿದರೂ ಅದು ಪ್ರೋಬಯಾಟಿಕ್ ಅಲ್ಲ. ಈ ಮೂರು ಮಾತು ನೆನಪಿಟ್ಟುಕೊಳ್ಳಿ, ಮುಂದೆ ಎಲ್ಲದಕ್ಕೂ ಬೇಕಾಗುತ್ತದೆ.

ಯೋಚನೆ ಶುರುವಾದದ್ದು ಮೊಸರಿನಿಂದಲೇ. ರಷ್ಯಾದ ವಿಜ್ಞಾನಿ ಇಲ್ಯಾ ಮೆಚ್ನಿಕಾಫ್, 1908ರಲ್ಲಿ ನೊಬೆಲ್ ಪಡೆದವರು, ಬಲ್ಗೇರಿಯಾದ ಹಳ್ಳಿಯವರು ಹುಳಿ ಹಾಲು ಕುಡಿದೇ ದೀರ್ಘಕಾಲ ಬದುಕುತ್ತಾರೆ ಎಂದು ನಂಬಿದ್ದರು. ದಿನಾ ತಾವೂ ಹುಳಿ ಹಾಲು ಕುಡಿಯುತ್ತಿದ್ದರು.

ನಮ್ಮನೆ ಮೊಸರು ಪ್ರೋಬಯಾಟಿಕ್ಕಾ ಅಲ್ವಾ?

ಇದನ್ನು ಕೇಳದೆ ಬಿಟ್ಟವರೇ ಇಲ್ಲ. ಕಟ್ಟುನಿಟ್ಟಾಗಿ ಹೇಳುವುದಾದರೆ, ಅಲ್ಲ. ಆದರೂ ದಿನಾ ತಿನ್ನಿ.

ಮನೆ ಮೊಸರಿನಲ್ಲಿ ಬದುಕಿರುವ ಬ್ಯಾಕ್ಟೀರಿಯಾ ಧಾರಾಳ ಇರುತ್ತವೆ. ಆದರೆ ನಿಮ್ಮ ಮನೆ ಹೆಪ್ಪಿನಲ್ಲಿ ಇರುವ ತಳಿ ಬೇರೆ, ಪಕ್ಕದ ಮನೆಯದ್ದು ಬೇರೆ. ಯಾವ ತಳಿ, ಎಷ್ಟಿದೆ ಅಂತ ಯಾರೂ ಎಣಿಸಿಲ್ಲ. ಅದು ಇಂಥ ಕಾಯಿಲೆಗೆ ಆಗುತ್ತದೆ ಎಂದು ಪರೀಕ್ಷೆ ಮಾಡಿಲ್ಲ. ಹೊಟ್ಟೆಯ ಆಮ್ಲ ಮತ್ತು ಪಿತ್ತರಸ ದಾಟಿ ಎಷ್ಟು ಉಳಿದಾವು ಎಂದೂ ಹೇಳಲಾಗದು. ಅದಕ್ಕೇ ವಿಜ್ಞಾನಿಗಳು ಇದನ್ನು "ಹುದುಗಿಸಿದ ಆಹಾರ" ಎನ್ನುತ್ತಾರೆ, ಪ್ರೋಬಯಾಟಿಕ್ ಎನ್ನುವುದಿಲ್ಲ.

ಹೆಸರು ಬೇರೆ ಆದ ಮಾತ್ರಕ್ಕೆ ಗುಣ ಕಡಿಮೆ ಅಂತಲ್ಲ. 2021ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 36 ಜನ ಆರೋಗ್ಯವಂತರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೊಸರು, ಹುದುಗಿಸಿದ ತರಕಾರಿ ಮುಂತಾದವು. ಇನ್ನೊಂದಕ್ಕೆ ನಾರಿನ ಊಟ. ಹತ್ತು ವಾರದಲ್ಲಿ ಹುದುಗಿಸಿದ್ದು ತಿಂದವರ ಕರುಳಿನಲ್ಲಿ ಬ್ಯಾಕ್ಟೀರಿಯಾದ ಬಗೆಗಳು ಹೆಚ್ಚಿದವು, ರಕ್ತದಲ್ಲಿ ಉರಿಯೂತದ ಗುರುತುಗಳು ಇಳಿದವು. ಸಣ್ಣ ಅಧ್ಯಯನ, ಆದರೂ ನಮ್ಮ ಮೊಸರಿನ ಕುಡಿಕೆಗೆ ಸಲ್ಲುವ ಮಾತು.

ಇನ್ನೊಂದು ಲಾಭ ಪಕ್ಕಾ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಮೊಸರು ಆಗಿಬರುತ್ತದೆ. ಹಾಲಿನ ಸಕ್ಕರೆಯನ್ನು ಬ್ಯಾಕ್ಟೀರಿಯಾಗಳು ಸ್ವಲ್ಪ ತಾವೇ ತಿಂದು ಮುಗಿಸಿರುತ್ತವೆ, ಉಳಿದದ್ದನ್ನು ಕರುಳಿನಲ್ಲಿ ಅರಗಿಸಲು ನೆರವಾಗುತ್ತವೆ.

ಮಜ್ಜಿಗೆ ಹುಳಿ, ದೋಸೆ, ಇಡ್ಲಿ ತಿಂದ್ರೂ ಬ್ಯಾಕ್ಟೀರಿಯಾ ಸಿಗುತ್ತಾ?

ಸಿಗಲ್ಲ. ಕುದ್ದರೆ ಸಾಯುತ್ತವೆ. ಮಜ್ಜಿಗೆ ಹುಳಿ ಒಲೆ ಮೇಲೆ ಕುದಿಯುತ್ತದೆ, ಇಡ್ಲಿ ಹಬೆಯಲ್ಲಿ ಬೇಯುತ್ತದೆ, ದೋಸೆ ಕಾವಲಿ ಮೇಲೆ ಚುಂಯ್ ಅನ್ನುತ್ತದೆ. ಹಿಟ್ಟು ಹುದುಗಿದ್ದರಿಂದ ಬೇಗ ಜೀರ್ಣ ಆಗುವುದು, ಕೆಲವು ಬಿ ಜೀವಸತ್ವಗಳು ಹೆಚ್ಚುವುದು ನಿಜ. ಬದುಕಿರುವ ಜೀವಿ ಮಾತ್ರ ತಟ್ಟೆಗೆ ಬರುವುದಿಲ್ಲ.

ತಂಬುಳಿಯ ಕತೆ ಬೇರೆ, ನೋಡಿ. ಒಂದೆಲಗವನ್ನೋ ದೊಡ್ಡಪತ್ರೆಯನ್ನೋ ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸುತ್ತೇವೆ. ಕಾಯಿತುರಿ ಹಾಕಿ ರುಬ್ಬುತ್ತೇವೆ. ಆಮೇಲೆ ಒಲೆಯಿಂದ ದೂರ, ಪಾತ್ರೆಯಲ್ಲಿ ಕಡೆದ ಮಜ್ಜಿಗೆಗೆ ಬೆರೆಸುತ್ತೇವೆ. ಕುದಿಸುವುದೇ ಇಲ್ಲ. ಮೇಲೆ ಒಂದು ಚಮಚ ಒಗ್ಗರಣೆ ಬಿದ್ದರೆ ಇಡೀ ಪಾತ್ರೆ ಬಿಸಿಯಾಗುವುದಿಲ್ಲ. ಬಾಡಿಸಿದ ಸೊಪ್ಪು ಪೂರ್ತಿ ಆರಿದ ಮೇಲೆ ರುಬ್ಬಿ, ಅಷ್ಟೇ ಗಮನ ಸಾಕು. ಮಲೆನಾಡಿನ ಊಟದಲ್ಲಿ ಮೊದಲ ಅನ್ನಕ್ಕೇ ತಂಬುಳಿ ಕಲಸಿಕೊಳ್ಳುವ ಮನೆಗಳಿವೆ. ಸೊಪ್ಪಿನ ನಾರು, ಮಜ್ಜಿಗೆಯ ಜೀವಿ, ಎರಡೂ ಒಂದೇ ಬಟ್ಟಲಲ್ಲಿ. ನನ್ನ ಕೇಳಿದರೆ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ.

ಮಳೆಗಾಲದಲ್ಲಿ ಹೆಪ್ಪೇ ಕೂರಲ್ಲ. ಏನ್ಮಾಡ್ಲಿ?

ಹೆಪ್ಪಿನ ಬ್ಯಾಕ್ಟೀರಿಯಾಗಳಿಗೆ ಬೆಚ್ಚಗಿರಬೇಕು. ಜೂನ್ ತಿಂಗಳಿಂದ ನಮ್ಮ ಕಡೆ ಗೋಡೆಯೇ ತಣ್ಣಗಿರುತ್ತದೆ, ಹಾಲು ರಾತ್ರಿಯಿಡೀ ಹಾಲಾಗೇ ಉಳಿಯುತ್ತದೆ.

ನಮ್ಮಜ್ಜಿ ಮಾಡುತ್ತಿದ್ದದ್ದು ಹೀಗೆ. ಹಾಲು ಕಾಯಿಸಿ ಆರಲು ಬಿಡುತ್ತಿದ್ದರು. ಕಿರುಬೆರಳು ಅದ್ದಿ ಹತ್ತು ಎಣಿಸುತ್ತಿದ್ದರು. ಬೆರಳು ತಡೆದರೆ ಸರಿ, ಸುಟ್ಟರೆ ಇನ್ನೂ ಹೊತ್ತಿದೆ. ಬೇಸಿಗೆಯಲ್ಲಿ ಅರ್ಧ ಚಮಚ ಹೆಪ್ಪು ಹಾಕಿದರೆ ಆಷಾಢದಲ್ಲಿ ಒಂದೂವರೆ. ಆಮೇಲೆ ಗಡಿಗೆಯನ್ನು ಹಳೇ ಪಂಚೆಯಲ್ಲಿ ಸುತ್ತಿ ಒಲೆಯ ಪಕ್ಕದ ಬೆಚ್ಚನೆ ಬೂದಿ ಮೇಲೆ ಇಡುತ್ತಿದ್ದರು. ಬೆಳಗ್ಗೆ ಗಡಿಗೆ ಓರೆ ಮಾಡಿದರೆ ಮೊಸರು ಅಲುಗುತ್ತಿರಲಿಲ್ಲ. ಈಗ ಒಲೆ ಇಲ್ಲದ ಮನೆಯಲ್ಲಿ ಅಕ್ಕಿ ಡಬ್ಬದೊಳಗೆ ಹೂತಿಡಬಹುದು, ಇಲ್ಲ ಬಿಸಿನೀರಿನ ಪಾತ್ರೆ ಜೊತೆಗೆ ಮುಚ್ಚಿದ ಕುಕ್ಕರಿನಲ್ಲಿ ಇಡಬಹುದು. ಬಣ್ಣ ಬಂದರೆ, ನೂಲು ಎಳೆದರೆ, ಕೆಟ್ಟ ವಾಸನೆ ಬಂದರೆ ಆ ಮೊಸರನ್ನು ಚೆಲ್ಲಿಬಿಡಿ. ಹೆಪ್ಪನ್ನೂ ಹೊಸದು ತನ್ನಿ.

ಸಂತೋಷದ ಹಾರ್ಮೋನು ಹೊಟ್ಟೆಯಲ್ಲೇ ತಯಾರಾಗುತ್ತಂತೆ. ಹಾಗಾದ್ರೆ ಹೊಟ್ಟೆ ಸರಿಯಾದ್ರೆ ಸಂತೋಷ ತಾನಾಗೇ ಬರಬೇಕಲ್ವಾ?

ಮೊಬೈಲಿನಲ್ಲಿ ಅತಿ ಹೆಚ್ಚು ಓಡಾಡುವ ಮಾತು ಇದೇ. ಮೊದಲ ಭಾಗ ಸರಿ. ಸಂತೋಷದ ಹಾರ್ಮೋನು ಅಂತ ಜನ ಕರೆಯುವುದು ಸೆರೋಟೋನಿನ್ ಅನ್ನು. ದೇಹದ ಸೆರೋಟೋನಿನ್‌ನಲ್ಲಿ ನೂರಕ್ಕೆ 90 ಪಾಲಿಗೂ ಹೆಚ್ಚು ಕರುಳಿನಲ್ಲಿದೆ. ಆದರೆ ಅದು ಅಲ್ಲಿರುವುದು ಅಲ್ಲಿಯ ಕೆಲಸಕ್ಕೆ: ಕರುಳನ್ನು ಕದಲಿಸುವುದು, ವಾಕರಿಕೆಯ ಸುದ್ದಿ ಮುಟ್ಟಿಸುವುದು. ರಕ್ತದಿಂದ ಮಿದುಳಿಗೆ ಹೋಗುವ ದಾರಿಯಲ್ಲಿ ಒಂದು ತಡೆ ಇದೆ, ಆ ಸೆರೋಟೋನಿನ್ ಅದನ್ನು ದಾಟುವುದಿಲ್ಲ. ಮಿದುಳು ತನಗೆ ಬೇಕಾದಷ್ಟನ್ನು ತಾನೇ ಮಾಡಿಕೊಳ್ಳುತ್ತದೆ. ಹೊಟ್ಟೆಯ ಸೆರೋಟೋನಿನ್ ಹೆಚ್ಚಾದರೆ ನಗು ಬರುವುದಿಲ್ಲ, ಭೇದಿ ಆದೀತು.

ಮತ್ತೆ ಹೊಟ್ಟೆಯ ಬ್ಯಾಕ್ಟೀರಿಯಾ ಮಿದುಳಿಗೆ ಹೇಗೆ ಮುಟ್ಟುತ್ತೆ?

ದಾರಿಗಳು ಹಲವು. ಒಂದು, ಮೇಲೆ ಹೇಳಿದ ವೇಗಸ್ ನರ. ಇನ್ನೊಂದು, ನಾವು ತಿಂದ ನಾರನ್ನು ಬ್ಯಾಕ್ಟೀರಿಯಾಗಳು ಹುದುಗಿಸಿದಾಗ ಹುಟ್ಟುವ ಸಣ್ಣ ಕೊಬ್ಬಿನಾಮ್ಲಗಳು, ಮುಖ್ಯವಾಗಿ ಬ್ಯುಟಿರೇಟ್. ಕರುಳಿನ ಒಳಪದರದ ಕೋಶಗಳಿಗೆ ಇದೇ ಅನ್ನ. ಆ ಪದರ ಗಟ್ಟಿಯಾಗಿದ್ದರೆ ಬೇಡದ್ದು ರಕ್ತಕ್ಕೆ ನುಸುಳುವುದಿಲ್ಲ, ಮೈಯಲ್ಲಿ ಉರಿಯೂತ ಕಡಿಮೆ. ಉರಿಯೂತ ಏರಿದಾಗ ಮಂಕು ಕವಿಯುವುದು ಜ್ವರ ಬಂದವರಿಗೆಲ್ಲ ಗೊತ್ತು. ಮೂರನೆಯದು ರೋಗನಿರೋಧಕ ವ್ಯವಸ್ಥೆ, ನಾಲ್ಕನೆಯದು ಒತ್ತಡದ ಹಾರ್ಮೋನುಗಳು.

2004ರಲ್ಲಿ ಜಪಾನಿನ ಕ್ಯೂಶು ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ನಡೆಯಿತು. ಹುಟ್ಟಿನಿಂದ ಒಂದೂ ಬ್ಯಾಕ್ಟೀರಿಯಾ ಸೋಕದಂತೆ ಬೆಳೆಸಿದ ಇಲಿಗಳನ್ನು ಇಕ್ಕಟ್ಟಿನಲ್ಲಿ ಕೂಡಿಹಾಕಿದರು. ಬೇರೆ ಇಲಿಗಳಿಗಿಂತ ಇವುಗಳಲ್ಲಿ ಒತ್ತಡದ ಹಾರ್ಮೋನು ತುಂಬ ಏರಿತು. ಒಂದು ಬಗೆಯ ಬಿಫಿಡೊಬ್ಯಾಕ್ಟೀರಿಯಾ ಕೊಟ್ಟ ಮೇಲೆ ಅದು ತಹಬಂದಿಗೆ ಬಂತು. 2011ರಲ್ಲಿ ಐರ್ಲೆಂಡ್ ಮತ್ತು ಕೆನಡಾದವರು ಇನ್ನೊಂದು ತಳಿ ಕೊಟ್ಟು ಇಲಿಗಳ ಆತಂಕ ಇಳಿದದ್ದನ್ನು ಕಂಡರು. ವೇಗಸ್ ನರ ಕತ್ತರಿಸಿದ ಇಲಿಗಳಲ್ಲಿ ಆ ಪರಿಣಾಮವೇ ಇಲ್ಲ! ನಾನು ಮೊದಲ ಸಲ ಇದನ್ನು ಓದಿದಾಗ ಮೈ ಜುಂ ಅಂದಿತ್ತು.

ಆದರೆ ಅದೇ ತಳಿಯನ್ನು ಮುಂದೆ ಆರೋಗ್ಯವಂತ ಗಂಡಸರಿಗೆ ಕೊಟ್ಟು ನೋಡಿದರು. 2017ರಲ್ಲಿ ಫಲಿತಾಂಶ ಬಂತು. ಏನೂ ವ್ಯತ್ಯಾಸ ಇಲ್ಲ. ಇಲಿಗೆ ಆದದ್ದು ನಮಗೂ ಆಗಬೇಕೆಂದಿಲ್ಲ. ಪ್ರೋಬಯಾಟಿಕ್ ಡಬ್ಬ ಮಾರುವವರು ಮೊದಲಿನ ಕತೆ ಹೇಳುತ್ತಾರೆ, ಎರಡನೆಯದನ್ನು ಹೇಳುವುದಿಲ್ಲ.

ಖಿನ್ನತೆಗೆ ಮಾತ್ರೆ ತಗೋತಿದೀನಿ. ಪ್ರೋಬಯಾಟಿಕ್ ಶುರು ಮಾಡಿ ಮಾತ್ರೆ ಬಿಡಬಹುದಾ?

ಬಿಡಬೇಡಿ. ದಯವಿಟ್ಟು ಬಿಡಬೇಡಿ.

ನನ್ನ ಚಿಕ್ಕಮ್ಮ ಹೊಸನಗರ ಕಡೆ ಇದ್ದಾರೆ. ಮಾತ್ರೆಯಿಂದ ಚೆನ್ನಾಗಿದ್ದರು. ಪರಿಚಯದವರೊಬ್ಬರು ಮನೆಗೆ ಬಂದು, "ಇದು ಹೊಟ್ಟೆಯಿಂದಲೇ ಮನಸ್ಸು ಸರಿಮಾಡುತ್ತೆ, ಇಂಗ್ಲಿಷ್ ಮಾತ್ರೆ ಬೇಕಾಗಲ್ಲ" ಅಂತ ಎರಡು ಡಬ್ಬ ಪುಡಿ ಕೊಟ್ಟು ಹೋದರು. ಚಿಕ್ಕಮ್ಮ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದರು. ಒಂದೂವರೆ ತಿಂಗಳಾದ ಮೇಲೆ ನಾನು ಹೋದೆ. ಬಡಿಸಲು ಅಂತ ಮೊಸರಿನ ಗಡಿಗೆ ತೆಗೆದೆ. ಒಳಗೆ ಒಡೆದ ಹಾಲು, ಮೇಲೆ ಹಸಿರು ಬೂಸಲು. ನಲವತ್ತು ವರ್ಷ ಆ ಮನೆಯಲ್ಲಿ ಹೆಪ್ಪು ತಪ್ಪಿದ್ದು ನಾನು ಕಂಡಿರಲಿಲ್ಲ. ಚಿಕ್ಕಮ್ಮ ಒಳಕೋಣೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಮತ್ತೆ ವೈದ್ಯರ ಹತ್ತಿರ ಹೋಗಿ, ಮಾತ್ರೆ ಶುರು ಮಾಡಿ, ಎದ್ದು ಓಡಾಡುವಷ್ಟರಲ್ಲಿ ದೀಪಾವಳಿ ಬಂದಿತ್ತು.

ಈವರೆಗಿನ ಅಧ್ಯಯನಗಳು ಹೇಳುವುದು ಇಷ್ಟು. ಮಾತ್ರೆಯ ಜೊತೆಗೆ ಕೆಲವು ತಳಿಗಳನ್ನು ಕೊಟ್ಟಾಗ ಕೆಲವರಿಗೆ ಸ್ವಲ್ಪ ಹೆಚ್ಚಿಗೆ ಗುಣ ಕಂಡಿದೆ. ಅಧ್ಯಯನಗಳು ಸಣ್ಣವು, ಕೆಲವೇ ವಾರದವು, ಒಂದೊಂದರಲ್ಲಿ ಒಂದೊಂದು ತಳಿ. ಮಾತ್ರೆಯ ಬದಲಿಗೆ ಆಗುತ್ತದೆ ಎಂದು ತೋರಿಸಿಲ್ಲ.

ಊಟದ ವಿಷಯದಲ್ಲಿ ಪುರಾವೆ ಇನ್ನೂ ಚೆನ್ನಾಗಿದೆ. ಆಸ್ಟ್ರೇಲಿಯಾದಲ್ಲಿ ಫೆಲಿಸ್ ಜಾಕಾ ಮತ್ತು ಜೊತೆಯವರು ಖಿನ್ನತೆ ಇರುವ 67 ಜನರನ್ನು ಆರಿಸಿದರು. ಅರ್ಧ ಜನಕ್ಕೆ 12 ವಾರ ಆಹಾರ ತಜ್ಞರ ನೆರವಿನಲ್ಲಿ ತರಕಾರಿ, ಹಣ್ಣು, ಕಾಳು, ಇಡೀ ಧಾನ್ಯ, ಮೀನು, ಎಣ್ಣೆಕಾಳುಗಳ ಊಟ. ಉಳಿದವರಿಗೆ ಜೊತೆಗೆ ಕೂತು ಮಾತಾಡುವ ಆಸರೆ. 2017ರಲ್ಲಿ ಫಲಿತಾಂಶ ಪ್ರಕಟವಾಯಿತು: ಊಟ ಬದಲಿಸಿದವರಲ್ಲಿ ಶೇಕಡಾ 32, ಇನ್ನೊಂದು ಗುಂಪಿನಲ್ಲಿ ಶೇಕಡಾ 8 ಜನ ಖಿನ್ನತೆಯಿಂದ ಹೊರಬಂದಿದ್ದರು. ಬಹಳ ಜನ ತಮ್ಮ ಚಿಕಿತ್ಸೆಯನ್ನು ಹಾಗೇ ಮುಂದುವರಿಸಿದ್ದರು ಅನ್ನುವುದನ್ನು ಮರೆಯಬಾರದು.

ಮನಸ್ಸು ತೀರಾ ಕುಸಿದಿದ್ದರೆ, ಬದುಕೇ ಬೇಡ ಅನಿಸಿದರೆ 14416ಕ್ಕೆ ಕರೆ ಮಾಡಿ. ಇದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮಳೆ ಹಿಡಿದರೆ ಮನಸ್ಸು ಮಂಕಾಗುತ್ತೆ. ಅದೂ ಹೊಟ್ಟೆಯಿಂದಾನಾ?

ಎಲ್ಲವನ್ನೂ ಹೊಟ್ಟೆ ತಲೆಗೆ ಕಟ್ಟುವುದು ಬೇಡ. ಆಗುಂಬೆ, ಹುಲಿಕಲ್ ಕಡೆ ವಾರಗಟ್ಟಲೆ ಸೂರ್ಯ ಕಾಣದಿದ್ದರೆ ಬೆಳಕಿನ ಕೊರತೆಯೇ ಸಾಕು. ನಿದ್ದೆಯ ಹೊತ್ತು ತಪ್ಪುತ್ತದೆ, ಓಡಾಟ ನಿಲ್ಲುತ್ತದೆ. ಮಳೆ ಹೊಳವಾದ ಕೂಡಲೇ ಹೊರಗೆ ಬಂದು ಅರ್ಧ ಗಂಟೆ ನಡೆಯಿರಿ. ಎರಡು ವಾರ ದಾಟಿಯೂ ಬೇಜಾರು ಬಿಡದಿದ್ದರೆ ವೈದ್ಯರಿಗೆ ತೋರಿಸಿ.

ಟೆನ್ಷನ್ ಆದ್ರೆ ಹೊಟ್ಟೆ ನೋವು, ಭೇದಿ. ಎಲ್ಲ ಟೆಸ್ಟೂ ನಾರ್ಮಲ್. ಇದಕ್ಕೆ ಪ್ರೋಬಯಾಟಿಕ್ ಆಗುತ್ತಾ?

ಇದು ಐ.ಬಿ.ಎಸ್., ಅಂದರೆ ಇರಿಟಬಲ್ ಬವೆಲ್ ಸಿಂಡ್ರೋಮ್ ಇರಬಹುದು. ಕರುಳು ನೋಡಲು ಚೆನ್ನಾಗಿರುತ್ತದೆ, ಆದರೆ ಕರುಳು ಮತ್ತು ಮಿದುಳಿನ ಮಾತುಕತೆ ಹದ ತಪ್ಪಿರುತ್ತದೆ. "ನಿಂಗೇನೂ ಆಗಿಲ್ಲ, ಎಲ್ಲ ಮನಸ್ಸಿಂದು" ಅಂತ ಮನೆಯವರು ಹೇಳಿಬಿಡುತ್ತಾರೆ. ಅದು ಅನ್ಯಾಯ. ನೋವು ನಿಜವಾದದ್ದೇ.

ಪ್ರೋಬಯಾಟಿಕ್‌ನಿಂದ ಕೆಲವರಿಗೆ ಉಬ್ಬರ, ನೋವು ಕಡಿಮೆ ಆಗುತ್ತದೆ. ಎಲ್ಲರಿಗೂ ಅಲ್ಲ. ಒಂದು ತಿಂಗಳು ನೋಡಿ, ಆಗದಿದ್ದರೆ ನಿಲ್ಲಿಸಿ. ಹೊತ್ತಿಗೆ ಸರಿಯಾಗಿ ಊಟ, ನಿದ್ದೆ, ನಿಧಾನ ಉಸಿರಾಟದ ಅಭ್ಯಾಸ, ಬೇಕಾದರೆ ಆಪ್ತ ಸಮಾಲೋಚನೆ, ಇವೂ ಚಿಕಿತ್ಸೆಯೇ. ಆದರೆ ಮಲದಲ್ಲಿ ರಕ್ತ, ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಜ್ವರ, ರಕ್ತಹೀನತೆ, 50 ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ, ಇಂಥದ್ದಿದ್ದರೆ ತಡ ಮಾಡದೆ ವೈದ್ಯರಲ್ಲಿ ಹೋಗಿ.

ಆಂಟಿಬಯಾಟಿಕ್ ಜೊತೆ ಪ್ರೋಬಯಾಟಿಕ್ ಕೊಡ್ತಾರಲ್ಲ, ಬೇಕಾ?

ಆಂಟಿಬಯಾಟಿಕ್‌ಗೆ ಒಳ್ಳೆಯ ಬ್ಯಾಕ್ಟೀರಿಯಾ ಯಾವುದು, ಕೆಟ್ಟದ್ದು ಯಾವುದು ಗೊತ್ತಿಲ್ಲ. ಅದಕ್ಕೇ ಕೆಲವರಿಗೆ ಭೇದಿ ಆಗುತ್ತದೆ. ಆ ಭೇದಿ ತಡೆಯಲು ಕೆಲವು ಪ್ರೋಬಯಾಟಿಕ್‌ಗಳು ನೆರವಾಗುತ್ತವೆ ಎನ್ನುವುದಕ್ಕೆ ಪುರಾವೆ ಇದೆ. ಅವುಗಳಲ್ಲಿ ಒಂದು ಸ್ಯಾಕರೊಮೈಸಿಸ್ ಬೌಲಾರ್ಡಿ. ಅದು ಯೀಸ್ಟ್, ಬ್ಯಾಕ್ಟೀರಿಯಾ ಅಲ್ಲ. ಹಾಗಾಗಿ ಆಂಟಿಬಯಾಟಿಕ್‌ಗೆ ಜಗ್ಗುವುದಿಲ್ಲ. ಬ್ಯಾಕ್ಟೀರಿಯಾದ ಮಾತ್ರೆ ಆದರೆ ಆಂಟಿಬಯಾಟಿಕ್ ನುಂಗಿ ಎರಡು ಗಂಟೆ ಬಿಟ್ಟು ತಗೊಳ್ಳಿ.

ಕಾಯಿಲೆ ವಾಸಿಯಾದ ಮೇಲೆ ತಿಂಗಳುಗಟ್ಟಲೆ ಮುಂದುವರಿಸುವುದು ಬೇಡ. 2018ರಲ್ಲಿ ಇಸ್ರೇಲಿನ ಒಂದು ಸಣ್ಣ ಅಧ್ಯಯನದಲ್ಲಿ, ಆಂಟಿಬಯಾಟಿಕ್ ಆದ ಮೇಲೆ ಪ್ರೋಬಯಾಟಿಕ್ ತಗೊಂಡವರ ಕರುಳಿಗೆ ಅವರದೇ ಹಳೆಯ ಬ್ಯಾಕ್ಟೀರಿಯಾಗಳು ಮರಳಿ ಬರುವುದು ತಡವಾಯಿತು. ಶೀತ, ನೆಗಡಿಗೆ ಔಷಧಿ ಅಂಗಡಿಯಲ್ಲಿ ಕೇಳಿ ಆಂಟಿಬಯಾಟಿಕ್ ನುಂಗುವುದನ್ನು ನಿಲ್ಲಿಸಿದರೆ ಅದೇ ದೊಡ್ಡ ಉಪಕಾರ.

ಮಕ್ಕಳ ಭೇದಿಗೆ ಮೊದಲು ಓ.ಆರ್.ಎಸ್. ಆಮೇಲೆ ಸತುವಿನ ಮಾತ್ರೆ, 14 ದಿನ. ಆಶಾ ಕಾರ್ಯಕರ್ತೆಯರ ಹತ್ತಿರ ಎರಡೂ ಸಿಗುತ್ತವೆ. ಪ್ರೋಬಯಾಟಿಕ್ ಹುಡುಕಿಕೊಂಡು ಪೇಟೆಗೆ ಹೋಗಿ ಹೊತ್ತು ಕಳೆಯಬೇಡಿ.

ಡಬ್ಬದ ಮೇಲೆ ಏನು ನೋಡಿ ತಗೋಬೇಕು?

ಹೆಸರು ಮೂರು ಭಾಗದಲ್ಲಿ ಇರಬೇಕು. "ಲ್ಯಾಕ್ಟೊಬ್ಯಾಸಿಲಸ್" ಅನ್ನುವುದು ಮನೆತನದ ಹೆಸರಿದ್ದ ಹಾಗೆ, "ರಾಮ್ನೋಸಸ್" ಅನ್ನುವುದು ಮನೆಯ ಹೆಸರು, ಅದರ ಮುಂದೆ "ಜಿ.ಜಿ." ಅಂತ ತಳಿಯ ಗುರುತು. ಒಂದು ತಳಿಗೆ ಇರುವ ಗುಣ ಅದರ ಅಣ್ಣತಮ್ಮನಿಗೆ ಇರಬೇಕೆಂದಿಲ್ಲ. ತಳಿಯ ಗುರುತು ಬರೆಯದ ಡಬ್ಬವನ್ನು ನಾನಂತೂ ಕೊಳ್ಳಲು ಹೇಳುವುದಿಲ್ಲ.

ಬದುಕಿರುವ ಜೀವಿಗಳ ಎಣಿಕೆಯನ್ನು ಸಿ.ಎಫ್.ಯು. ಎಂದು ಬರೆದಿರುತ್ತಾರೆ. ನಮ್ಮ ದೇಶದ ಆಹಾರ ಸುರಕ್ಷತೆ ಪ್ರಾಧಿಕಾರದ ನಿಯಮದಂತೆ ದಿನದ ಪ್ರಮಾಣದಲ್ಲಿ ಕನಿಷ್ಠ 10 ಕೋಟಿ ಇರಬೇಕು. ತಯಾರಾದ ದಿನ ಎಷ್ಟು ಅಂತಲ್ಲ, ಅವಧಿ ಮುಗಿಯುವ ದಿನದವರೆಗೆ ಎಷ್ಟು ಎಂದು ಬರೆದಿದ್ದರೆ ಒಳ್ಳೆಯದು. ಫ್ರಿಜ್‌ನಲ್ಲಿಡಿ ಎಂದು ಬರೆದದ್ದನ್ನು ಅಂಗಡಿಯವರು ಬಿಸಿಲಿಗೆ ಇಟ್ಟಿದ್ದರೆ ಬಿಟ್ಟು ಬನ್ನಿ. ಸಿಹಿ ಪಾನೀಯ ಆದರೆ ಸಕ್ಕರೆ ಎಷ್ಟಿದೆ ನೋಡಿ. "ಮಿದುಳಿಗೆ ಶಕ್ತಿ, ಖಿನ್ನತೆ ಮಾಯ" ಅಂತ ಬರೆದಿದ್ದರೆ ಮುಟ್ಟಲೇ ಬೇಡಿ.

ಹಾಗಾದ್ರೆ ದಿನಾ ಏನು ತಿನ್ನಬೇಕು?

ಬ್ಯಾಕ್ಟೀರಿಯಾ ಒಳಗೆ ಕಳಿಸುವುದಕ್ಕಿಂತ ಒಳಗಿರುವುದಕ್ಕೆ ಊಟ ಹಾಕುವುದು ಮುಖ್ಯ. ಅವುಗಳ ಊಟ ಅಂದರೆ ನಾರು. ದಿನಕ್ಕೆ 30 ಗ್ರಾಂ ಆಸುಪಾಸು ಬೇಕು. ಬಿಳಿ ಅನ್ನ, ತಿಳಿಸಾರು, ಹಪ್ಪಳದ ಊಟದಲ್ಲಿ ಅದು ಬರುವುದಿಲ್ಲ.

ನಮ್ಮ ಹಿತ್ತಿಲಲ್ಲಿ ಇಲ್ಲದ್ದೇನಿದೆ? ಬಾಳೆದಿಂಡಿನ ಪಲ್ಯ. ಬಾಳೆಕಾಯಿ, ಅದರಲ್ಲಿ ಸಣ್ಣ ಕರುಳಿನಲ್ಲಿ ಅರಗದೆ ದೊಡ್ಡ ಕರುಳಿನವರೆಗೆ ಹೋಗುವ ಪಿಷ್ಟ ಇದೆ. ಹಲಸಿನ ಬೀಜದ ಸಾರು. ಹೀರೆಕಾಯಿ ಸಿಪ್ಪೆಯ ಚಟ್ನಿ. ಹರಿವೆ, ಬಸಳೆ, ಕೆಸು. ಹುರುಳಿ ಸಾರು, ಮೊಳಕೆ ಹೆಸರುಕಾಳಿನ ಕೋಸಂಬರಿ. ಅನ್ನಕ್ಕೆ ಒಂದು ಹೊತ್ತಾದರೂ ಪಾಲಿಶ್ ಕಡಿಮೆ ಇರುವ ಅಕ್ಕಿ, ಇಲ್ಲ ರಾಗಿ. ಮಧ್ಯಾಹ್ನ ಕೊನೆಗೆ ಮಜ್ಜಿಗೆ. ಅದೂ ಇದೂ ಬದಲಾಯಿಸುತ್ತಾ ತಿನ್ನಿ, ಬಗೆಬಗೆಯ ನಾರಿಗೆ ಬಗೆಬಗೆಯ ಬ್ಯಾಕ್ಟೀರಿಯಾ.

ನಾಳೆಯಿಂದಲೇ ಎಲ್ಲ ಒಟ್ಟಿಗೆ ಶುರು ಮಾಡಿದರೆ ವಾಯು ತುಂಬಿ ಒದ್ದಾಡುತ್ತೀರಿ. ವಾರಕ್ಕೊಂದು ಸೇರಿಸಿ, ನೀರು ಚೆನ್ನಾಗಿ ಕುಡಿಯಿರಿ.

ತಂಗಳನ್ನ ಒಳ್ಳೇದಾ?

ಆರಿದ ಅನ್ನದಲ್ಲಿ ಅರಗದ ಪಿಷ್ಟ ಸ್ವಲ್ಪ ಹೆಚ್ಚುತ್ತದೆ, ಅದು ನಿಜ. ಆದರೆ ಬಿಸಿ ಅನ್ನವನ್ನು ಮುಚ್ಚಿ ಗಂಟೆಗಟ್ಟಲೆ ಇಟ್ಟರೆ ವಾಂತಿ ತರುವ ಬ್ಯಾಕ್ಟೀರಿಯಾವೂ ಬೆಳೆಯುತ್ತದೆ. ಅದರ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅನ್ನವನ್ನು ಬೇಗ ಆರಿಸಿ, ಫ್ರಿಜ್‌ನಲ್ಲಿಟ್ಟು, ಬೆಳಗ್ಗೆಯೇ ಮಜ್ಜಿಗೆ, ಈರುಳ್ಳಿ ಹಾಕಿ ಉಣ್ಣಿ.

ಅಪ್ಪೆಮಿಡಿ ಉಪ್ಪಿನಕಾಯಿ, ಕಳಲೆ, ಉಪ್ಪು ಸೊಳೆ?

ಅಪ್ಪೆಮಿಡಿಯನ್ನು ರುಚಿಗೆ ತಿನ್ನಿ, ಔಷಧಿಗೆ ಅಲ್ಲ. ಉಪ್ಪು ದಿನಕ್ಕೆ 5 ಗ್ರಾಂ ಒಳಗಿರಬೇಕು, ನಮ್ಮ ಉಪ್ಪಿನಕಾಯಿಗೆ ಆ ಲೆಕ್ಕ ಗೊತ್ತಿಲ್ಲ. ಕಳಲೆಯನ್ನು ಹೆಚ್ಚಿ ಎರಡು ಮೂರು ದಿನ ನೀರು ಬದಲಾಯಿಸಿ ನೆನೆಹಾಕುವುದು, ಅದರಲ್ಲಿ ಸಯನೈಡ್ ಹುಟ್ಟಿಸುವ ಅಂಶ ಇರುವುದರಿಂದ. ಆ ಕೆಲಸದಲ್ಲಿ ಆತುರ ಬೇಡ, ಚೆನ್ನಾಗಿ ಬೇಯಿಸಿ. ಸೊಳೆಯನ್ನೂ ಉಪ್ಪು ಹೋಗುವಷ್ಟು ನೆನೆಸಿ ಬೇಯಿಸುತ್ತೇವೆ. ಎರಡರಿಂದಲೂ ಸಿಗುವುದು ನಾರು.

ಊಟ ಆದ್ಮೇಲೆ ಎಲೆ ಅಡಿಕೆ ಜೀರ್ಣಕ್ಕೆ ಒಳ್ಳೇದಲ್ವಾ?

ಅಡಿಕೆ ನಮ್ಮ ಅನ್ನ. ನಮ್ಮ ಮನೆಯೂ ತೋಟದಿಂದಲೇ ನಡೆದದ್ದು. ಆದರೂ ನಿಜ ಹೇಳಬೇಕು. ಅಡಿಕೆಯಲ್ಲಿ ಅರೆಕೋಲಿನ್ ಎಂಬ ರಾಸಾಯನಿಕ ಇದೆ. ವೇಗಸ್ ನರದ ತುದಿಯಲ್ಲಿ ಸುರಿಯುವ ಅಸಿಟೈಲ್‌ಕೋಲಿನ್ ಯಾವ ಬಾಗಿಲು ತಟ್ಟುತ್ತದೋ ಇದೂ ಅದೇ ಬಾಗಿಲು ತಟ್ಟುತ್ತದೆ. ಜೊಲ್ಲು ಊರುವುದು, ಕರುಳು ಕದಲುವುದು, ತಲೆ ಚುರುಕಾದಂತೆ ಅನಿಸುವುದು ಅದರಿಂದಲೇ. ಆದರೆ ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಜಾಸ್ತಿ. ಜೀರ್ಣಕ್ಕೆ ಅಂತ ಜಗಿಯುವುದು ಬೇಡ, ಒಂದು ಲೋಟ ಮಜ್ಜಿಗೆ ಸಾಕು.

ಮರೆವು, ಕಾಲು ಜುಮು ಜುಮು, ಬೇಜಾರು. ಪ್ರೋಬಯಾಟಿಕ್ ತಗೊಳ್ಲಾ?

ಮೊದಲು ರಕ್ತದಲ್ಲಿ ಬಿ12 ನೋಡಿಸಿ. ಸಸ್ಯಾಹಾರಿಗಳಲ್ಲಿ ಇದರ ಕೊರತೆ ತುಂಬ ಸಾಮಾನ್ಯ. ನರ, ನೆನಪು, ಮನಸ್ಸು ಮೂರಕ್ಕೂ ಪೆಟ್ಟು ಕೊಡುತ್ತದೆ. ಹಾಲು ಮೊಸರಿನಲ್ಲಿ ಸ್ವಲ್ಪ ಇದೆ, ಸೊಪ್ಪು ಕಾಳುಗಳಲ್ಲಿ ಇಲ್ಲ. ಕೊರತೆ ಆಗಿಹೋಗಿದ್ದರೆ ಮಾತ್ರೆ ಅಥವಾ ಇಂಜೆಕ್ಷನ್ ಬೇಕು, ಮೊಸರಿನಿಂದ ತುಂಬುವುದಿಲ್ಲ. ಹೊಟ್ಟೆ ಉರಿಗೆ, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ತಗೊಳ್ಳುವ ಕೆಲವು ಮಾತ್ರೆಗಳಿಂದಲೂ ಬಿ12 ಇಳಿಯುತ್ತದೆ.

ಮಗನಿಗೆ ಆಟಿಸಂ ಇದೆ. ಪ್ರೋಬಯಾಟಿಕ್‌ನಿಂದ ವಾಸಿಯಾಗುತ್ತೆ ಅಂತಾರೆ.

ಈ ಪ್ರಶ್ನೆ ಕೇಳುವ ತಾಯಂದಿರ ಮುಖ ನನಗೆ ಮರೆಯುವುದಿಲ್ಲ. ವಾಸಿಯಾಗುತ್ತದೆ ಎನ್ನಲು ಪುರಾವೆ ಇಲ್ಲ. ಮಗುವಿಗೆ ಮಲಬದ್ಧತೆ, ಹೊಟ್ಟೆ ನೋವು ಇದ್ದರೆ ಅದಕ್ಕೆ ಚಿಕಿತ್ಸೆ ಕೊಡಿಸಿ. ಹೊಟ್ಟೆ ಹಗುರವಾದರೆ ಮಗುವಿನ ಕಿರಿಕಿರಿ ತಗ್ಗುತ್ತದೆ. ದುಡ್ಡು, ಸಮಯ ಎರಡನ್ನೂ ಮಾತಿನ ತರಬೇತಿಗೆ, ನಡವಳಿಕೆಯ ತರಬೇತಿಗೆ ಉಳಿಸಿಕೊಳ್ಳಿ.

ಯಾರು ತಗೋಬಾರದು?

ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರು, ಅಂಗ ಕಸಿ ಆದವರು, ಆಸ್ಪತ್ರೆಯಲ್ಲಿ ತೀವ್ರ ನಿಗಾದಲ್ಲಿ ಇರುವವರು ವೈದ್ಯರು ಹೇಳದೆ ಪ್ರೋಬಯಾಟಿಕ್ ಮಾತ್ರೆ ಮುಟ್ಟಬಾರದು. ಬದುಕಿರುವ ಜೀವಿ ಅಲ್ವಾ, ರೋಗನಿರೋಧಕ ಶಕ್ತಿ ಕುಗ್ಗಿದ್ದರೆ ರಕ್ತಕ್ಕೇ ಇಳಿದೀತು. ತಿಂಗಳು ತುಂಬದೆ ಹುಟ್ಟಿದ ಕೂಸುಗಳ ವಿಷಯದಲ್ಲಿ ಅಮೆರಿಕದ ಔಷಧ ಪ್ರಾಧಿಕಾರ 2023ರಲ್ಲಿ ಎಚ್ಚರಿಕೆ ಕೊಟ್ಟಿದೆ. ಕೂಸಿಗೆ ತಾಯಿಯ ಹಾಲೇ ಸಾಕು. ಅದರಲ್ಲಿ ಕೂಸು ಅರಗಿಸಿಕೊಳ್ಳಲಾಗದ ಒಂದು ಬಗೆಯ ಸಕ್ಕರೆ ಇದೆ, ಅದು ಇರುವುದೇ ಕೂಸಿನ ಹೊಟ್ಟೆಯ ಬ್ಯಾಕ್ಟೀರಿಯಾಗಳ ಊಟಕ್ಕೆ.

ಎಷ್ಟು ದಿನದಲ್ಲಿ ವ್ಯತ್ಯಾಸ ಗೊತ್ತಾಗುತ್ತೆ?

ಊಟ ಬದಲಾಯಿಸಿದ ಕೆಲವೇ ದಿನದಲ್ಲಿ ಕರುಳಿನ ಬ್ಯಾಕ್ಟೀರಿಯಾ ಬದಲಾಗಲು ಶುರುವಾಗುತ್ತವೆ. ಹಳೆಯ ಊಟಕ್ಕೆ ಮರಳಿದರೆ ಅವೂ ಮರಳುತ್ತವೆ. ಮಲಬದ್ಧತೆ ಎರಡು ವಾರದಲ್ಲಿ ಸಡಿಲವಾಗಬಹುದು. ಮನಸ್ಸಿನ ವಿಷಯ ನಿಧಾನ, ಅದಕ್ಕೆ ತಿಂಗಳುಗಳೇ ಬೇಕು.

ಗೋಡೆಯ ಕ್ಯಾಲೆಂಡರಿನಲ್ಲಿ ದಿನಾ ಮೂರು ಗುರುತು ಹಾಕಿ: ಹೊಟ್ಟೆ ಹೇಗಿತ್ತು, ನಿದ್ದೆ ಹೇಗಿತ್ತು, ಮನಸ್ಸು ಹೇಗಿತ್ತು. ಹಾಲಿನ ಲೆಕ್ಕ ಬರೆಯುವ ಜಾಗದಲ್ಲೇ ಬರೆಯಿರಿ. ಚಿಕ್ಕಮ್ಮ ಈಗ ಹಾಗೇ ಮಾಡುತ್ತಾರೆ. ಮಾತ್ರೆ ನುಂಗಿದ ದಿನಕ್ಕೆ ಒಂದು ಗೀಟು, ಹೊರಗೆ ನಡೆದ ದಿನಕ್ಕೆ ಒಂದು ಚುಕ್ಕಿ. ವೈದ್ಯರ ಹತ್ತಿರ ಹೋಗುವಾಗ ಆ ತಿಂಗಳ ಹಾಳೆ ಹರಿದು ಚೀಲದಲ್ಲಿ ಇಟ್ಟುಕೊಳ್ಳುತ್ತಾರೆ. ಹೋದ ವಾರ ಹೋಗಿದ್ದೆ. ಹೊರಡುವಾಗ ಒಂದು ಸಣ್ಣ ಡಬ್ಬಿಯಲ್ಲಿ ಹೆಪ್ಪು ಕೊಟ್ಟು, "ನಿಮ್ಮ ಪೇಟೆ ಮೊಸರು ಹುಳಿ ಬರಲ್ಲ, ಇದನ್ನು ಹಾಕು" ಅಂದರು.